ಇಂಗ್ಲೆಂಡಿಗೆ ಅಳಿಯಕಟ್ಟು

ನಿಮ್ಮಲ್ಲಿ ಒಂದು ವಿಷಯ ಒಪ್ಪಿಕೊಳ್ಳಬೇಕು. ಕಾಪುವಿನ ನಮ್ಮ ಮನೆಯ ಜಗಲಿಯಲ್ಲಿ ಕುಳಿತು ನಾನು ಇಂಗ್ಲೆಂಡಿನ ಸಿಂಹಾಸನವನ್ನು ಮೂರು ಸಲ ಬೇರೆಯವರಿಗೆ ಕೊಟ್ಟಿದ್ದೇನೆ. ಫ್ರಾನ್ಸನ್ನು ಒಮ್ಮೆ ಕೊಟ್ಟು ಮತ್ತೆ ಹಿಂದಕ್ಕೆ ಪಡೆದಿದ್ದೇನೆ. ಇದಕ್ಕೆ ನನಗೆ ಬೇಕಾದದ್ದು ಒಂದು ಪೆನ್ಸಿಲ್, ಒಂದು ರಬ್ಬರ್ ಮತ್ತು ಹಳೆಯ ಕ್ಯಾಲೆಂಡರಿನ ಬೆನ್ನು. ಜನ ಕಸೂತಿ ಹಾಕುತ್ತಾರೆ, ಅಂಚೆಚೀಟಿ ಕೂಡಿಡುತ್ತಾರೆ. ನನ್ನ ಹುಚ್ಚು ಯುರೋಪಿನ ರಾಜರ ವಂಶವೃಕ್ಷ ತಿದ್ದುವುದು. ಅವರವರ ವಂಶ ಅವರವರು ಬರೆದುಕೊಂಡದ್ದು ತಪ್ಪು ಎಂದು ನನಗೆ ಹದಿಮೂರನೆಯ ವಯಸ್ಸಿನಲ್ಲೇ ಖಚಿತವಾಗಿತ್ತು.

ಖಚಿತವಾದದ್ದು ಶಾಲೆಯಲ್ಲಿ. ನಮಗೆ ಚರಿತ್ರೆ ಕಲಿಸಲು ಆ ವರ್ಷ ಘಟ್ಟದ ಮೇಲಿನಿಂದ ಒಬ್ಬರು ಮಾಸ್ಟ್ರು ಬಂದಿದ್ದರು. ಬಹಳ ಸಾಧು ಮನುಷ್ಯ. ಇಂಗ್ಲೆಂಡಿನ ಎಂಟನೆಯ ಹೆನ್ರಿಗೆ ಗಂಡುಮಗು ಬೇಕೆಂದು ಹಂಬಲ ಹತ್ತಿದ್ದನ್ನು, ಅದಕ್ಕಾಗಿ ಅವನು ಹೆಂಡತಿಯರ ಮೇಲೆ ಹೆಂಡತಿಯರನ್ನು ಮಾಡಿಕೊಂಡದ್ದನ್ನು ಅವರು ಮರುಕದಿಂದ ಹೇಳಿ, "ಗಂಡುಮಗ ಇಲ್ಲದೆ ಹೋದರೆ ರಾಜ್ಯ ಯಾರಿಗೆ ಹೋಗ್ತಿತ್ತು, ಯಾರು ಹೇಳ್ತೀರಿ?" ಎಂದು ಕೇಳಿದರು. ನಾನು ಎದ್ದು ನಿಂತು "ಅಳಿಯನಿಗೆ" ಎಂದೆ. ಇಡೀ ತರಗತಿ ತಲೆಯಾಡಿಸಿತು. ಇದೂ ಒಂದು ಕೇಳುವ ಪ್ರಶ್ನೆಯೇ ಎಂಬ ಹಾಗೆ ಹಿಂದಿನ ಬೆಂಚಿನವರು ಆಕಳಿಸಿದರು ಕೂಡ.

ಮಾಸ್ಟ್ರು ಯೋಚಿಸಿದರು. "ಅಳಿಯನಿಗಾ? ಹೆನ್ರಿಯ ಮಗಳು ಮೇರಿಯನ್ನು ಮದುವೆಯಾದವನು ಸ್ಪೇನಿನ ಫಿಲಿಪ್. ಇಂಗ್ಲೆಂಡನ್ನು ತಗೊಂಡು ಹೋಗಿ ಸ್ಪೇನಿಗೆ ಕೊಡೋಕಾಗುತ್ತೇನಮ್ಮಾ?" ಎಂದರು. ಈಗ ತಬ್ಬಿಬ್ಬಾಗುವ ಸರದಿ ನಮ್ಮದು. ಮಗಳ ಗಂಡನ ವಿಷಯ ಇಲ್ಲಿ ಯಾರು ತೆಗೆದರು? ಅವರು ಒಬ್ಬ ಅಳಿಯನನ್ನು ಹಿಡಿದುಕೊಂಡು, ನಾವು ಇನ್ನೊಬ್ಬ ಅಳಿಯನನ್ನು ಹಿಡಿದುಕೊಂಡು ಆ ಪೀರಿಯಡ್ ಮುಗಿಯುವವರೆಗೆ ಜಗ್ಗಾಡಿದೆವು. ಗಂಟೆ ಹೊಡೆಯಿತು, ಅಳಿಯ ಯಾರೆಂದು ತೀರ್ಮಾನವಾಗಲಿಲ್ಲ.

"ಅಳಿಯ ಅಲ್ಲ, ಮಗಳ ಗಂಡ" ಎಂಬ ಗಾದೆ ಕನ್ನಡದಲ್ಲಿ ಉಂಟಷ್ಟೆ. ಎರಡೂ ಒಂದೇ, ಸುಮ್ಮನೆ ಮಾತು ತಿರುಗಿಸಬೇಡ ಎಂದು ಅದರ ಅರ್ಥ. ಈ ಗಾದೆ ಘಟ್ಟ ಇಳಿಯುವಷ್ಟರಲ್ಲಿ ಕೆಟ್ಟುಹೋಗುತ್ತದೆ. ನಮ್ಮ ಕರಾವಳಿಯಲ್ಲಿ ಅಳಿಯ ಎಂದರೆ ಮೊದಲು ಅಕ್ಕತಂಗಿಯರ ಮಗ, ಮನೆಯ ವಾರಸುದಾರ. ಮಗಳ ಗಂಡ ಮದುವೆಯ ದಿನ ಚಂದದ ಪೇಟ ಸುತ್ತಿಕೊಂಡು ಬರುವ ಗೌರವಾನ್ವಿತ ನೆಂಟ, ಅಷ್ಟೆ. ಇದಕ್ಕೆ ಅಳಿಯಸಂತಾನ ಕಟ್ಟು ಎಂದು ಹೆಸರು. ಭೂತಾಳ ಪಾಂಡ್ಯನ ಕಾಲದ್ದಂತೆ. ರಾಜನೊಬ್ಬನ ಹಡಗು ನೀರಿಗಿಳಿಯಬೇಕಾದರೆ ಒಂದು ನರಬಲಿ ಬೇಕು ಎಂದು ಭೂತ ಕೇಳಿತಂತೆ, ರಾಜನ ಹೆಂಡತಿ ತನ್ನ ಮಕ್ಕಳನ್ನು ಕೊಡಲಾರೆ ಎಂದಳಂತೆ, ರಾಜನ ತಂಗಿ ತನ್ನ ಮಗನನ್ನು ಕರೆತಂದು ನಿಲ್ಲಿಸಿದಳಂತೆ. ಭೂತ ಮೆಚ್ಚಿ ಹುಡುಗನನ್ನು ಬಿಟ್ಟಿತು, ರಾಜ್ಯ ಅವನಿಗಾಯಿತು, ಆ ಹುಡುಗನೇ ಭೂತಾಳ ಪಾಂಡ್ಯ, ಅಂದಿನಿಂದ ಆಸ್ತಿ ಅಳಿಯನಿಗೆ. ಕಥೆ ನಿಜವೋ ಸುಳ್ಳೋ ನನಗೆ ಗೊತ್ತಿಲ್ಲ. ಮಗನನ್ನು ಕೊಡಲಾರೆ ಎಂದ ಆ ಹೆಂಡತಿಯ ಮೇಲೆ ನನಗೆ ಕೋಪವೂ ಇಲ್ಲ. ಆದರೆ ಒಂದು ರಾಜ್ಯದ ಕಾನೂನನ್ನು ತಂಗಿಯೊಬ್ಬಳ ಧೈರ್ಯದ ಮೇಲೆ ನಿಲ್ಲಿಸಿದ ಊರು ನನ್ನದು ಎಂಬ ಜಂಬ ಮಾತ್ರ ಧಾರಾಳವಾಗಿ ಉಂಟು.

ನನ್ನ ಹುಚ್ಚಿಗೆ ಗುರು ನನ್ನ ದೊಡ್ಡಮ್ಮ, ಅಮ್ಮನ ಅಕ್ಕ ಕಲ್ಯಾಣಿ. ಅಕ್ಷರ ಬಾರದು. ಬೆಳಿಗ್ಗೆ ಬುಟ್ಟಿ ತುಂಬ ಬಂಗುಡೆಯನ್ನೋ ಬೂತಾಯಿಯನ್ನೋ ತುಂಬಿಕೊಂಡು ಬಸ್ಸಿನ ಹಿಂಬಾಗಿಲಲ್ಲಿ ಹತ್ತಿ ಶಿರ್ವಕ್ಕೋ ಬೆಳ್ಮಣ್ಣಿಗೋ ಮಣಿಪಾಲಕ್ಕೋ ಹೋಗಿ ಮಾರಿ ಬರುವವಳು. ಮೀನಿನ ಜೊತೆಗೆ ಪ್ರತಿ ಮನೆಯ ಸಂಬಂಧದ ಎಳೆಗಳನ್ನೂ ಬಿಡಿಸಿ ಬುಟ್ಟಿಯಲ್ಲಿ ಹಾಕಿಕೊಂಡು ಬರುತ್ತಿದ್ದಳು. ಹೊಸಬರ ಹೆಸರು ಕೇಳಿದರೆ ಅವಳ ಬಾಯಿಯಿಂದ ಮೊದಲು ಬರುತ್ತಿದ್ದದ್ದು "ವಾ ಬರಿ?" ಎಂಬ ತುಳು ಮಾತು. ಯಾವ ಬಳಿ, ಎಂದರೆ ತಾಯಿಯ ಕಡೆಯ ಯಾವ ಕುಲ ಎಂದು ಅರ್ಥ. ಬರಿ ತಾಯಿಯಿಂದ ಬರುವುದು. ಅಪ್ಪ ಎಷ್ಟು ದೊಡ್ಡ ಮನುಷ್ಯನಾದರೂ ಅದನ್ನು ಮಕ್ಕಳಿಗೆ ಕೊಡಲಾರ.

ಉಡುಪಿಯ ಕಾಲೇಜಿಗೆ ಸೇರಿದ ಮೇಲೆ ನಾನು ಲೈಬ್ರರಿಯಿಂದ ಚರಿತ್ರೆಯ ದಪ್ಪ ಪುಸ್ತಕಗಳನ್ನು ತಂದು, ಅವುಗಳ ಕೊನೆಯಲ್ಲಿದ್ದ ವಂಶವೃಕ್ಷಗಳನ್ನು ದೊಡ್ಡಮ್ಮನ ಎದುರು ಹರಡುತ್ತಿದ್ದೆ. ಅವಳು ವೀಳ್ಯದೆಲೆಯ ತೊಟ್ಟು ಮುರಿಯುತ್ತ ವಿಚಾರಣೆ ನಡೆಸುತ್ತಿದ್ದಳು. ನಮ್ಮ ಮಾತೆಲ್ಲ ತುಳುವಿನಲ್ಲಿ, ಇಲ್ಲಿ ಕನ್ನಡದಲ್ಲಿ ಬರೆಯುತ್ತಿದ್ದೇನೆ.

"ವಿಕ್ಟೋರಿಯಾ ರಾಣಿ ಯಾವ ಬರಿ?"

"ಅಪ್ಪ ಇಂಗ್ಲೆಂಡಿನ ರಾಜನ ಮಗ. ಅಮ್ಮ ಜರ್ಮನಿಯವಳು."

"ಹಾಗಾದರೆ ಇವಳು ಜರ್ಮನಿಯವಳೇ. ಅಪ್ಪನ ಮನೆಯಲ್ಲಿ ಇವಳಿಗೆ ಎಂತ ಕೆಲಸ?"

ಸೂರ್ಯ ಮುಳುಗದ ಸಾಮ್ರಾಜ್ಯದ ಅರವತ್ತು ಚಿಲ್ಲರೆ ವರ್ಷಗಳನ್ನು ಅವಳು ಹೀಗೆ ಒಂದು ವಾಕ್ಯದಲ್ಲಿ ಜಫ್ತಿ ಮಾಡಿದಳು. ವಿಕ್ಟೋರಿಯಾ ಮದುವೆಯಾದ ಆಲ್ಬರ್ಟ್ ಅವಳ ಅಮ್ಮನ ಅಣ್ಣನ ಮಗ ಎಂದು ಹೇಳಿದಾಗ ಮಾತ್ರ ಸ್ವಲ್ಪ ಮೆತ್ತಗಾದಳು. "ಸೋದರಮಾವನ ಮಗನಾ? ಸಂಬಂಧ ಒಳ್ಳೆಯದು ಮಾಡಿದ್ದಾರೆ" ಎಂದು ಎಲೆಗೆ ಸುಣ್ಣ ಸವರಿದಳು.

ನೆಪೋಲಿಯನ್ನನ ಕಥೆ ಅವಳಿಗೆ ಕೊನೆಯವರೆಗೂ ಅರ್ಥವಾಗಲಿಲ್ಲ. ಮಕ್ಕಳಾಗಲಿಲ್ಲ ಎಂದು ಜೋಸೆಫೀನಳನ್ನು ಬಿಟ್ಟು ಬೇರೆ ಮದುವೆಯಾದ ಎಂದೆ. "ಅವನಿಗೆ ತಂಗಿಯರಿರಲಿಲ್ವಾ?" ಇದ್ದರು, ಮೂವರು. "ಅವರಿಗೆ ಗಂಡುಮಕ್ಕಳು?" ಒಬ್ಬಳಿಗೆ ಆಗಲೇ ಇದ್ದ. "ಮತ್ತೆ ಆ ಹೆಂಗಸನ್ನು ಎಂತಕ್ಕೆ ಬಿಟ್ಟದ್ದು ಮಾರಾಯ್ತಿ?" ಈ ಪ್ರಶ್ನೆಗೆ ಉತ್ತರ ನನ್ನ ದಪ್ಪ ಪುಸ್ತಕಗಳಲ್ಲಿ ಇರಲಿಲ್ಲ. ಈಗಲೂ ಸಿಕ್ಕಿಲ್ಲ.

ಒಮ್ಮೆ ಅವಳು ವೃಕ್ಷದ ಮೇಲೆ ಬೆರಳಿಟ್ಟು, "ಕೆಲವು ಹೆಸರಿನ ಕೆಳಗೆ ಗೆರೆ ಇಲ್ಲ, ಎಂತದೋ ಎರಡು ಅಕ್ಷರ ಉಂಟು. ಎಂತ ಅದು?" ಎಂದು ಕೇಳಿದಳು. ಸಂತಾನವಿಲ್ಲ ಎಂದು ಬರೆಯುವ ಕ್ರಮ ಹಾಗೆ ಎಂದೆ. ಹೇಳಿದ ಮೇಲೆ ನಾಲಿಗೆ ಕಚ್ಚಿಕೊಂಡೆ. ದೊಡ್ಡಮ್ಮನಿಗೆ ಮಕ್ಕಳಿಲ್ಲ. ಅವಳು ಎಲೆ ಬಾಯಿಗಿಟ್ಟು, "ಆ ದಪ್ಪ ರಾಜನ ವಿಷಯ ಹೇಳು" ಎಂದಳು.

ದಪ್ಪ ರಾಜ ಎಂದರೆ ಹೆನ್ರಿ. ನನ್ನ ಕಿರೀಟದ ಮಣಿ ಅವನೇ. ಅವನಿಗೊಬ್ಬಳು ಅಕ್ಕ ಇದ್ದಳು, ಮಾರ್ಗರೆಟ್. ಸ್ಕಾಟ್ಲೆಂಡಿನ ರಾಜನಿಗೆ ಕೊಟ್ಟಿದ್ದರು. ಅವಳ ಮಗ ಐದನೆಯ ಜೇಮ್ಸ್. ಅಳಿಯಕಟ್ಟು ಇದ್ದಿದ್ದರೆ ಹೆನ್ರಿಯ ವಾರಸುದಾರ ಈ ಅಳಿಯ. ಹೆನ್ರಿ ಮೊದಲ ಹೆಂಡತಿಯ ಜೊತೆಗೇ ಸುಖವಾಗಿ ಮುದುಕನಾಗುತ್ತಿದ್ದ. ಇಬ್ಬರು ಹೆಂಗಸರ ತಲೆ ಕುತ್ತಿಗೆಯ ಮೇಲೆಯೇ ಉಳಿಯುತ್ತಿತ್ತು. ಅಕ್ಕನ ಮಗನನ್ನು ಕರೆದು ಬೀಗದ ಕೈ ಕೊಟ್ಟಿದ್ದರೆ ಮುಗಿಯುವ ಕೆಲಸಕ್ಕೆ ಆ ಮನುಷ್ಯ ದೇಶದ ಧರ್ಮವನ್ನೇ ಬದಲಿಸಿದ ಎಂದು ದೊಡ್ಡಮ್ಮನಿಗೆ ಹೇಳಿದಾಗ ಅವಳು ನಕ್ಕ ನಗೆಗೆ ಅಂಗಳದ ಕೋಳಿಗಳು ಚದುರಿದವು.

ಬಿ.ಎ. ಕೊನೆಯ ವರ್ಷ. ಎಪ್ಪತ್ತರ ದಶಕದ ನಡುವಿನ ಮಾತು. ನನಗೆ ಮೈಸೂರಿಗೆ ಹೋಗಿ ಚರಿತ್ರೆಯಲ್ಲಿ ಎಂ.ಎ. ಮಾಡಬೇಕೆಂದು ಆಸೆ. ಆಸೆ ಎಂದರೆ ಸಾಲದು, ಅನ್ನ ಸೇರದಷ್ಟು ಹಟ. ಆದರೆ ನಮ್ಮ ಮನೆಯಲ್ಲಿ ಹೌದು ಅಲ್ಲ ಎನ್ನುವವರು ಸಂಜೀವ ಮಾವ, ಅಮ್ಮನ ಮತ್ತು ದೊಡ್ಡಮ್ಮನ ತಮ್ಮ, ಮನೆಯ ಯಜಮಾನರು. ನಾನು ಜಗತ್ತಿನ ರಾಜರಿಗೆಲ್ಲ ಸೋದರಮಾವಂದಿರ ಅಧಿಕಾರ ಹಂಚುತ್ತಿದ್ದೆನಲ್ಲ, ಅದರ ರುಚಿ ಈಗ ನನಗೇ ಸಿಕ್ಕಿತು. ಮಾವ ಕೆಟ್ಟವರಲ್ಲ. ಲೆಕ್ಕಾಚಾರದವರು. "ಚರಿತ್ರೆ ಕಲಿತು ಎಂತ ಮಾಡ್ತಿ? ಸತ್ತವರ ಹೆಸರು ಕ್ಯಾಲೆಂಡರಿನ ಹಿಂದೆ ಬರೆಯುವುದಕ್ಕೆ ಮೈಸೂರಿಗೆ ಹೋಗಬೇಕಾ? ಟೈಪಿಂಗ್ ಕಲಿ, ಬ್ಯಾಂಕಿಗೆ ಅರ್ಜಿ ಹಾಕು" ಎಂದರು.

ಅದೇ ತಿಂಗಳು ಮಣಿಪಾಲದ ಒಂದು ಕಾಲೇಜಿನಲ್ಲಿ ಚರಿತ್ರೆಯ ವಿದ್ಯಾರ್ಥಿಗಳಿಗೆ ಪ್ರಬಂಧ ಮಂಡನೆಯ ಸ್ಪರ್ಧೆ ಎಂದು ನೋಟೀಸು ಬಂತು. ಮಾವ ಅದನ್ನು ಓದಿ, ಕನ್ನಡಕ ತೆಗೆದು, ತಮ್ಮ ತೀರ್ಪು ಕೊಟ್ಟರು. "ಇದರಲ್ಲಿ ಮೊದಲ ಬಹುಮಾನ ತಾ. ಮೈಸೂರಿಗೆ ನಾನೇ ಬಸ್ಸು ಹತ್ತಿಸ್ತೇನೆ. ಬಾರದಿದ್ದರೆ ಟೈಪಿಂಗ್. ಆಗಬಹುದಾ?" ಆಗಬಹುದು ಎಂದೆ. ಆಗಬಾರದು ಎನ್ನುವ ಸ್ಥಿತಿಯಲ್ಲಿ ನಾನಿರಲಿಲ್ಲ.

'ಇಂಗ್ಲೆಂಡಿಗೆ ಅಳಿಯಕಟ್ಟು ಇದ್ದಿದ್ದರೆ' ಎಂದು ವಿಷಯ ಕೊಟ್ಟೆ. ಚರಿತ್ರೆಯಲ್ಲಿ 'ಇದ್ದಿದ್ದರೆ' ಎಂಬ ಶಬ್ದವಿಲ್ಲ ಎಂದು ನಮ್ಮ ಲೆಕ್ಚರರ್ ಎಚ್ಚರಿಸಿದರು. ನಾನು ಕೇಳಬೇಕಲ್ಲ. ನಾಲ್ಕು ಕ್ಯಾಲೆಂಡರು ಅಂಟಿಸಿ ದೊಡ್ಡ ನಕ್ಷೆ ಮಾಡಿದೆ. ಹೆಂಗಸರಿಗೆ ಕೆಂಪು ಶಾಯಿ, ಗಂಡಸರಿಗೆ ನೀಲಿ. ಗೆರೆಗಳೆಲ್ಲ ಕೆಂಪಿನಿಂದ ಕೆಂಪಿಗೆ ಇಳಿದು ಬರುತ್ತಿದ್ದವು.

ಆ ದಿನ ನನ್ನ ಸರದಿ ಮಧ್ಯಾಹ್ನದ ಊಟದ ನಂತರ ಬಂತು. ಸಭೆಯಲ್ಲಿ ನಲವತ್ತೈವತ್ತು ಜನ, ಅರ್ಧ ಜನ ತೂಕಡಿಸುತ್ತಿದ್ದರು. ತೀರ್ಪುಗಾರರು ಮೈಸೂರು ಕಡೆಯ ನಿವೃತ್ತ ಪ್ರೊಫೆಸರು, ಬಿಳಿ ಪಂಚೆ, ಬಿಳಿ ಮೀಸೆ. ನಾನು ಅಳಿಯ ಬೇರೆ ಮಗಳ ಗಂಡ ಬೇರೆ ಎಂದು ಮೊದಲೇ ಬೇಲಿ ಹಾಕಿ ಮುಂದುವರಿದೆ. ತೂಕಡಿಸುವವರು ಎದ್ದರು. ಹೆನ್ರಿಯ ಹೆಂಡತಿಯರ ತಲೆ ಉಳಿಸಿದಾಗ ಚಪ್ಪಾಳೆಯೂ ಬಂತು. ಅಷ್ಟರಲ್ಲಿ ಹಿಂದಿನ ಬಾಗಿಲಿನಿಂದ ದೊಡ್ಡಮ್ಮ ಒಳಬಂದಳು. ಮಣಿಪಾಲದ ಮನೆಗಳಲ್ಲಿ ಮೀನು ಮಾರಿ ಮುಗಿಸಿ, ಖಾಲಿ ಬುಟ್ಟಿಯನ್ನು ಜಗಲಿಯಲ್ಲಿಟ್ಟು, ಸೆರಗಿನಿಂದ ಮುಖ ಒರೆಸಿಕೊಂಡು ಕೊನೆಯ ಸಾಲಿನಲ್ಲಿ ಕುಳಿತಳು. ನನಗೆ ಆನೆಬಲ ಬಂತು. "ಹೀಗೆ, ಸಾವಿರದ ಐನೂರ ನಲವತ್ತೇಳರಲ್ಲಿ ಹೆನ್ರಿ ತೀರಿಕೊಂಡಾಗ ಪಟ್ಟಕ್ಕೆ ಬರಬೇಕಾದವನು ಅವನ ಅಳಿಯ ಐದನೆಯ ಜೇಮ್ಸ್" ಎಂದು ನಕ್ಷೆಯ ಮೇಲೆ ಕೋಲು ಕುಟ್ಟಿ ಮುಗಿಸಿದೆ.

ಪ್ರೊಫೆಸರು ಮೆಲ್ಲಗೆ ಕೇಳಿದರು. "ಬಹಳ ಚೆನ್ನಾಗಿದೆಯಮ್ಮ. ಆದರೆ ಐದನೆಯ ಜೇಮ್ಸ್ ಹೆನ್ರಿಗಿಂತ ನಾಲ್ಕು ವರ್ಷ ಮೊದಲೇ ತೀರಿಹೋಗಿದ್ದನಲ್ಲ. ಸತ್ತವನಿಗೆ ಹೇಗೆ ಪಟ್ಟ ಕಟ್ತೀಯ?"

ಇಸವಿಗಳು ನನಗೆ ಎಂದೂ ಆಗಿಬಂದದ್ದಿಲ್ಲ. ಅಳಿಯ ಸಿಕ್ಕಿದ ಸಂಭ್ರಮದಲ್ಲಿ ಅವನು ಯಾವಾಗ ಸತ್ತ ಎಂದು ನೋಡಿರಲಿಲ್ಲ. ನಕ್ಷೆಯ ಕಡೆ ತಿರುಗಿದೆ. ನಾಲ್ಕು ಕ್ಯಾಲೆಂಡರುಗಳ ಆ ವೃಕ್ಷ ಬುಡಸಹಿತ ಮಗುಚಿಕೊಂಡ ಹಾಗಾಯಿತು. ಜೇಮ್ಸನಿಗೆ ಉಳಿದದ್ದು ಒಬ್ಬಳೇ ಮಗಳು. ಮಗಳು ನಮ್ಮ ಲೆಕ್ಕಕ್ಕೆ ಬಾರಳು, ಅವಳು ತಾಯಿಯ ಬರಿಯವಳು. ಕಿವಿಯಲ್ಲಿ ಟೈಪ್‌ರೈಟರಿನ ಟಕಟಕ ಕೇಳಿಸತೊಡಗಿತು. ನಿಜ ಹೇಳುತ್ತೇನೆ, ಅಳು ಬಂತು.

ಆಗ ಕೊನೆಯ ಸಾಲಿನಿಂದ, ಮನೆಯ ಜಗಲಿಯಲ್ಲಿ ಕೇಳುವ ಹಾಗೆಯೇ, ತುಳುವಿನಲ್ಲಿ ಒಂದು ಪ್ರಶ್ನೆ ಬಂತು. "ಸತ್ತವನಿಗೆ ತಂಗಿ ಇರಲಿಲ್ವಾ?"

ಸಭೆಯೆಲ್ಲ ಹಿಂತಿರುಗಿತು. ಪ್ರೊಫೆಸರು, "ಏನಂತೆ ಅವರು?" ಎಂದರು. ಅನುವಾದ ಮಾಡಿ ಹೇಳಿದೆ. ಬಳಿಕ ದೊಡ್ಡಮ್ಮನಿಗೆ, "ಒಬ್ಬಳಿದ್ದಳು. ಆದರೆ ಪೂರ್ತಿ ತಂಗಿಯಲ್ಲ. ಅವಳ ಅಪ್ಪ ಬೇರೆ. ಮಾರ್ಗರೆಟಳ ಗಂಡ ಸತ್ತ ಮೇಲೆ ಎರಡನೆಯ ಮದುವೆಯಲ್ಲಿ ಹುಟ್ಟಿದವಳು. ಪುಸ್ತಕದಲ್ಲಿ ಅರ್ಧ ತಂಗಿ ಅಂತ ಉಂಟು, ಅದಕ್ಕೆ ಬಿಟ್ಟೆ" ಎಂದೆ.

ದೊಡ್ಡಮ್ಮ ಎದ್ದು ನಿಂತಳು. "ಹೆತ್ತವಳು ಒಬ್ಬಳೇ ಅಲ್ವಾ? ಮತ್ತೆ ಅರ್ಧ ಎಂತದ್ದು?"

ಹೌದು, ಅರ್ಧ ಎಂತದ್ದು? ಯುರೋಪನ್ನೆಲ್ಲ ತಿದ್ದಲು ಹೊರಟವಳು ನಾನು, ಯುರೋಪಿನ ಪುಸ್ತಕ ಅರ್ಧ ಎಂದ ಕೂಡಲೇ ಅರ್ಧ ಎಂದು ನಂಬಿದ್ದೆ. ಅಪ್ಪ ಬೇರೆಯಾದರೆ ಅರ್ಧವಾಗುವುದು ಅವರ ಲೆಕ್ಕದಲ್ಲಿ. ನಮ್ಮ ಲೆಕ್ಕದಲ್ಲಿ ಒಂದು ಹೊಟ್ಟೆಯಲ್ಲಿ ಹುಟ್ಟಿದವರು ಒಂದೇ ಬರಿ, ಪೂರ್ತಿ ಹದಿನಾರಾಣೆ. ನಾನು ಕೆಂಪು ಪೆನ್ನು ತೆಗೆದು ಆ ತಂಗಿಯ ಹೆಸರು ಬರೆದೆ. ಅವಳ ಹೆಸರೂ ಮಾರ್ಗರೆಟ್ ಎಂದೇ. ಅವಳ ಕೆಳಗೆ ಅವಳ ಮಗನ ಹೆಸರು, ಡಾರ್ನ್ಲಿ. ಹೆನ್ರಿ ತೀರಿಕೊಂಡಾಗ ಅವನಿನ್ನೂ ತೊಟ್ಟಿಲ ಕೂಸು, ಆದರೆ ಇದ್ದ. "ಅವನೇ ಅಳಿಯ ಸಾರ್" ಎಂದೆ. "ದೊಡ್ಡವನಾಗುವವರೆಗೆ ತಾಯಿ ಯಜಮಾನ್ತಿ."

ಪ್ರೊಫೆಸರು ಕುರ್ಚಿಯಿಂದ ಎದ್ದು ನಕ್ಷೆಯ ಹತ್ತಿರ ಬಂದರು. ಡಾರ್ನ್ಲಿ ಎಂಬಲ್ಲಿ ಬೆರಳಿಟ್ಟರು. "ಇವನು ಮದುವೆಯಾದದ್ದು ಯಾರನ್ನು ಗೊತ್ತೇನಮ್ಮಾ?" ಎಂದು ಕೇಳಿದವರ ದನಿ ಬೇರೆಯಾಗಿತ್ತು. ನನಗೆ ಗೊತ್ತಿತ್ತು. ಸ್ಕಾಟ್ಲೆಂಡಿನ ರಾಣಿ ಮೇರಿ. ಅದೇ ಐದನೆಯ ಜೇಮ್ಸನ ಮಗಳು. ಹೇಳುತ್ತಿದ್ದ ಹಾಗೆ ನನಗೂ ಬೆಳಕಾಯಿತು.

"ಸೋದರಮಾವನ ಮಗಳು" ಎಂದೆವು ಪ್ರೊಫೆಸರೂ ನಾನೂ ಒಟ್ಟಿಗೆ.

ಡಾರ್ನ್ಲಿಗೂ ಈ ಮೇರಿಗೂ ಹುಟ್ಟಿದ ಮಗ ಇನ್ನೊಬ್ಬ ಜೇಮ್ಸ್. ಹೆನ್ರಿ ಅಷ್ಟು ರಕ್ತ ಹರಿಸಿ ಪಡೆದ ಮೂರು ಮಕ್ಕಳೂ ಒಬ್ಬರ ನಂತರ ಒಬ್ಬರು ಪಟ್ಟವೇರಿ, ಮೂವರೂ ಸಂತಾನವಿಲ್ಲದೆ ತೀರಿಹೋದ ಮೇಲೆ, ಇಂಗ್ಲೆಂಡಿನವರು ಹೋಗಿ ಕರೆತಂದು ಕೂರಿಸಿದ್ದು ಈ ಜೇಮ್ಸನನ್ನು. ಇದು 'ಇದ್ದಿದ್ದರೆ' ಅಲ್ಲ, ನಡೆದದ್ದು. ಅಪ್ಪನಿಂದ ಲೆಕ್ಕ ಹಾಕಿದರೂ ಅಮ್ಮನಿಂದ ಲೆಕ್ಕ ಹಾಕಿದರೂ ಗೆರೆ ಹೋಗಿ ಮುಟ್ಟುವುದು ಹೆನ್ರಿಯ ಆ ಅಕ್ಕನನ್ನೇ. ಐವತ್ತಾರು ವರ್ಷ ಊರೆಲ್ಲ ಸುತ್ತಿ ಇಂಗ್ಲೆಂಡು ಕೊನೆಗೆ ಅಕ್ಕನ ಮನೆಯ ಬಾಗಿಲಿಗೇ ಬಂದು ನಿಂತಿತ್ತು. ಡಾರ್ನ್ಲಿಯ ಸಂಸಾರ ಕೆಟ್ಟು, ಅವನ ಕೊಲೆಯೂ ಆಯಿತು, ಒಪ್ಪುತ್ತೇನೆ. ಅದು ಗಂಡಹೆಂಡಿರ ದೋಷ, ಕಟ್ಟಿನದ್ದಲ್ಲ.

ಪ್ರೊಫೆಸರು ನಗುತ್ತ ಸಭೆಯ ಕಡೆ ತಿರುಗಿ, "ನನ್ನ ಹೆಂಡತಿಯೂ ಸೋದರಮಾವನ ಮಗಳೇ. ನಲವತ್ತು ವರ್ಷ ಚರಿತ್ರೆ ಪಾಠ ಮಾಡಿದ್ದೇನೆ. ಈ ಇಬ್ಬರ ನಡುವೆ ನಮ್ಮೂರಿನ ಸಂಬಂಧ ಇದೆ ಅಂತ ಇವತ್ತೇ ಹೊಳೆದದ್ದು" ಎಂದರು. ಬಳಿಕ ಕೊನೆಯ ಸಾಲಿಗೆ ಹೋಗಿ ಕೈಮುಗಿದರು. "ನೀವು ಈ ಹುಡುಗಿಯ ತಾಯಿಯೇನಮ್ಮ?"

"ಹೌದು ಮಾಸ್ಟ್ರೇ" ಎಂದಳು ದೊಡ್ಡಮ್ಮ, ಕನ್ನಡದಲ್ಲಿ, ಸ್ಪಷ್ಟವಾಗಿ.

ಮೊದಲ ಬಹುಮಾನ ನನಗೇ ಬಂತು. ಬೊಗಸೆಯಷ್ಟು ದೊಡ್ಡ ಹಿತ್ತಾಳೆಯ ಕಪ್ಪು. ದೊಡ್ಡಮ್ಮ ಅದನ್ನು ಮೀನಿನ ಬುಟ್ಟಿಯಲ್ಲಿಟ್ಟು, ಮೇಲೆ ಬಾಳೆಲೆ ಮುಚ್ಚಿ, ತಲೆಯ ಮೇಲೆ ಹೊತ್ತು ನಡೆದಳು. ಉಡುಪಿಯಲ್ಲಿ ಕಾಪುವಿನ ಬಸ್ಸು ಹತ್ತುವಾಗ ಪರಿಚಯದ ಕಂಡಕ್ಟರು, "ಎಂತ ಕಲ್ಯಾಣಕ್ಕ, ಇವತ್ತು ಬಂಗುಡೆ ಉಳಿಯಿತಾ?" ಎಂದು ಕೇಳಿದ. "ಬಂಗುಡೆ ಅಲ್ಲ. ಇಂಗ್ಲೆಂಡು" ಎಂದಳು ಅವಳು. ಅವನು ಅದೂ ಒಂದು ಜಾತಿಯ ಮೀನು ಎಂದುಕೊಂಡಿರಬೇಕು, ಸೀಟಿ ಊದಿದ.

ಮನೆಯಲ್ಲಿ ಮಾವ ಕಪ್ಪನ್ನು ತಿರುಗಿಸಿ ತಿರುಗಿಸಿ ನೋಡಿದರು. ಬಾಗಿ ಮೂಸಿದರು ಕೂಡ. ಬೂತಾಯಿಯ ವಾಸನೆ ಇತ್ತು. "ಅಕ್ಕಾ, ಇವಳು ಅಲ್ಲಿ ಎಂತ ಹೇಳಿದ್ದು?" ಎಂದು ಕೇಳಿದರು. ದೊಡ್ಡಮ್ಮ, "ಮಾವ ಸರಿ ಇದ್ದರೆ ರಾಜ್ಯ ಉಳಿಯುತ್ತದೆ ಅಂತ ಹೇಳಿದಳು" ಎಂದಳು. ನಾನು ಹಾಗೆ ಹೇಳಿರಲಿಲ್ಲ. ಆದರೆ ನನ್ನ ಇಡೀ ಪ್ರಬಂಧವನ್ನು ಇದಕ್ಕಿಂತ ಉಪಯುಕ್ತವಾಗಿ ಯಾರೂ ಸಂಗ್ರಹಿಸಲಾರರು. ಜೂನ್ ತಿಂಗಳಲ್ಲಿ ಮಾವ ಮಾತಿನಂತೆ ತಾವೇ ಬಂದು ನನ್ನನ್ನು ಮೈಸೂರಿನ ಬಸ್ಸು ಹತ್ತಿಸಿದರು.

ಈಗ ನಾನು ಕಾರ್ಕಳದಲ್ಲಿ ಹೈಸ್ಕೂಲು ಹುಡುಗಿಯರಿಗೆ ಚರಿತ್ರೆ ಕಲಿಸುತ್ತೇನೆ. ಹತ್ತು ವರ್ಷ ದಾಟಿತು. ಹೆನ್ರಿಯ ಪಾಠ ಬಂದಾಗ ಅದೇ ಪ್ರಶ್ನೆ ಕೇಳುತ್ತೇನೆ. ಕಾನೂನು ಬದಲಾಗಿದೆ, ಈಗಿನ ಮಕ್ಕಳು ಅಳಿಯ ಎನ್ನುವುದು ಅಪರೂಪ. ಆದರೂ ಪ್ರತಿ ವರ್ಷ ಹಿಂದಿನ ಬೆಂಚಿನಿಂದ ಒಬ್ಬಳಾದರೂ ಹೇಳುತ್ತಾಳೆ. ಹೇಳಿದವಳಿಗೆ ನಾನು ಒಂದು ಅಂಕ ಹೆಚ್ಚು ಕೊಡುವುದುಂಟು. ಇದನ್ನು ನೀವು ನಮ್ಮ ಹೆಡ್‌ಮಿಸ್ಸಿಗೆ ಹೇಳಬಾರದು.

ಕಳೆದ ರಜೆಯಲ್ಲಿ ಕಾಪುವಿಗೆ ಹೋದಾಗ, ಊರವರ ರಾಜ್ಯವೆಲ್ಲ ಹಂಚಿ ಮುಗಿಯಿತಲ್ಲ, ಇನ್ನು ನಮ್ಮದೇ ಒಂದು ವೃಕ್ಷ ಬರೆಯೋಣ ಎಂದು ಕ್ಯಾಲೆಂಡರು ಮಗುಚಿದೆ. ಅಜ್ಜಿ ಮೇಲೆ. ಕೆಳಗೆ ದೊಡ್ಡಮ್ಮ, ಅಮ್ಮ, ಸಂಜೀವ ಮಾವ. ದೊಡ್ಡಮ್ಮನಿಗೆ ಈಗ ಕಣ್ಣು ಮಂಜು, ಬುಟ್ಟಿ ಹೊರುವುದನ್ನು ಬಿಟ್ಟಿದ್ದಾಳೆ, ವಿಚಾರಣೆ ಬಿಟ್ಟಿಲ್ಲ. "ನಾನು ಎಲ್ಲಿ?" ಎಂದಳು. ಅವಳ ಬೆರಳು ಹಿಡಿದು ಕೆಂಪು ಹೆಸರಿನ ಮೇಲೆ ಇಟ್ಟೆ. ಬೆರಳು ಅಲ್ಲಿಂದ ಮೆಲ್ಲಗೆ ಕೆಳಗೆ ಸರಿಯಿತು. ಅಷ್ಟು ವರ್ಷದ ಹಿಂದಿನ ಆ ಎರಡು ಅಕ್ಷರಗಳನ್ನು ಅವಳು ಮರೆತಿರಲಿಲ್ಲ ಎಂದು ನನಗೆ ಆಗ ತಿಳಿಯಿತು.

"ಇದರ ಕೆಳಗೆ ಎಂತ ಬರೆದದ್ದು?"

"ನನ್ನ ಹೆಸರು" ಎಂದೆ. "ಅಮ್ಮನಿಂದ ಒಂದು ಗೆರೆ, ನಿನ್ನಿಂದ ಒಂದು ಗೆರೆ. ಆ ಜೇಮ್ಸನಿಗಿದ್ದ ಹಾಗೆ, ಎರಡೂ ಕಡೆಯಿಂದ."

ದೊಡ್ಡಮ್ಮ ಕಾಗದವನ್ನು ಕಣ್ಣಿನ ಹತ್ತಿರ ಹಿಡಿದು, ಓದಬಲ್ಲವಳ ಹಾಗೆ ಬಹಳ ಹೊತ್ತು ಪರೀಕ್ಷಿಸಿದಳು. ಬಳಿಕ ಹಿಂದಕ್ಕೆ ಕೊಟ್ಟು ಎಲೆಯ ತಟ್ಟೆ ಹತ್ತಿರ ಎಳೆದುಕೊಂಡಳು.

"ಸರಿ ಉಂಟು" ಎಂದಳು. "ಅಕ್ಷರ ಸ್ವಲ್ಪ ದೊಡ್ಡದು ಬರೆಯಬಹುದಿತ್ತು."